ಒಬ್ಬೊಬ್ಬರಾಗಿ ದಾಟಿದೆವು

ನಮ್ಮ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯ ಸುತ್ತಲಿನ ಹಳ್ಳಿಗಳಲ್ಲಿ ಕಬ್ಬಿನ ಹೊಲ, ಮಗ್ಗದ ಮನೆ ನೋಡಿ ಬೆಳೆದ ಹುಡುಗರು ಸೇನೆಗೆ ಭರ್ತಿಯಾಗಿ, ಕೆಲವೇ ವರ್ಷಗಳಲ್ಲಿ ಸೊಂಟದುದ್ದ ಹಿಮದಲ್ಲಿ ನಿಂತಿರುತ್ತಾರೆ. ನಾನೂ ಹಾಗೆ ಹೋದವನು. ಹಿಮಕುಸಿತದ ಅಡಿ ಸಿಕ್ಕು ಜೀವಂತ ಹೊರಬಂದವನು. ಮನೆಯವರ ಮುಂದೆ, ಜೊತೆಗೆ ದುಡಿದ ಗೆಳೆಯರ ಮುಂದೆ ಬಿಟ್ಟರೆ ಇದನ್ನು ಬೇರೆಲ್ಲೂ ಹೇಳಿರಲಿಲ್ಲ. ಈಗ ಬರೆಯಲು ಕಾರಣವಿದೆ. ಚಳಿಗಾಲ ಬಂದರೆ ಸಾಕು, ನಮ್ಮ ಊರಿನ ಕಾಲೇಜು ಹುಡುಗರು, ಪುಣೆ ಬೆಂಗಳೂರಿನಲ್ಲಿ ನೌಕರಿ ಹಿಡಿದವರು, ಉತ್ತರಾಖಂಡ ಹಿಮಾಚಲದ ಹಿಮದ ದಾರಿಗೆ ಚಾರಣ ಹೊರಡುತ್ತಾರೆ. ಹೋಗಲಿ, ಕಣ್ತುಂಬ ನೋಡಬೇಕಾದ ನೆಲವೇ ಅದು. ಆದರೆ ಹೊರಡುವ ಮುಂಚೆ ಏನನ್ನು ನೋಡಬೇಕು, ಯಾರನ್ನು ಏನು ಕೇಳಬೇಕು ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ನನ್ನ ಜೀವ ಉಳಿದದ್ದು ಹೊರಡುವ ಮುಂಚೆ ನಮ್ಮವರು ಮಾಡಿದ ಲೆಕ್ಕಾಚಾರದಿಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬನಹಟ್ಟಿಯ ನೇಕಾರರ ಮನೆಯವನು. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯ್ದವನು. ಆಮೇಲೆ ಓಣಿ ತುಂಬ ಪವರ್‌ಲೂಮ್ ಬಂದವು, ಹಗಲು ರಾತ್ರಿ ಅದೇ ಸದ್ದು. ಮೂವರು ಗಂಡುಮಕ್ಕಳಿಗೆ ಒಂದು ಮಗ್ಗ ಸಾಲುವುದಿಲ್ಲವೆಂದು ನಾನು ಬೆಳಗಾವಿಗೆ ಹೋಗಿ ಭರ್ತಿಯ ಸಾಲಿನಲ್ಲಿ ನಿಂತೆ. ನಾನು ಹಿಮಕುಸಿತಕ್ಕೆ ಸಿಕ್ಕಿದ್ದು 2005ರ ಫೆಬ್ರುವರಿಯಲ್ಲಿ. ಆಗ ನಾನು ಕಾಶ್ಮೀರದ ಕುಪವಾಡ ಜಿಲ್ಲೆಯ ಎತ್ತರದ ಒಂದು ಪೋಸ್ಟಿನಲ್ಲಿದ್ದೆ. ಪೋಸ್ಟಿನ ಹೆಸರು ಬೇಡ. ಹತ್ತು ಸಾವಿರ ಅಡಿಗಿಂತ ಮೇಲೆ, ಮೂರು ಕಡೆ ಇಳಿಜಾರು, ಒಂದು ಕಡೆ ಬೆಟ್ಟದ ಏಣು. ನವೆಂಬರ್ ಮುಗಿಯುವಷ್ಟರಲ್ಲಿ ದಾರಿ ಮುಚ್ಚುತ್ತಿತ್ತು. ಹಿಟ್ಟು, ಬೇಳೆ, ಸೀಮೆಎಣ್ಣೆ, ಔಷಧ ಎಲ್ಲವನ್ನೂ ಅದಕ್ಕೆ ಮೊದಲೇ ತಂದು ತುಂಬಿಕೊಳ್ಳಬೇಕು. ಅಲ್ಲಿಂದ ವಸಂತದವರೆಗೆ ನಮಗೆ ಬುಖಾರಿ ಎಂಬ ಒಲೆಯ ಬಿಸಿ, ವೈರ್‌ಲೆಸ್ಸಿನ ಮಾತು, ಎರಡೇ.

ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್ ಅನ್ನುತ್ತಾರೆ. ಕಡು ಚಳಿಯ ಕಾಲ. ಹೊಸಬರಿಗೆ ಆ ನಲವತ್ತು ದಿನ ಕಳೆದರೆ ಕಷ್ಟ ಮುಗಿಯಿತು ಎನ್ನಿಸುತ್ತದೆ. ಹಿಮಕುಸಿತದ ಮಟ್ಟಿಗೆ ನಿಜವಾದ ಭಯ ಅದರ ಬೆನ್ನಿಗೇ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಗಾಳಿಯ ಅಲೆಗಳಿವೆ. ಹವಾಮಾನದವರು ಅವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದೇ ಅವು. ಫೆಬ್ರುವರಿ, ಮಾರ್ಚಿನಲ್ಲಿ ಒಂದರ ಹಿಂದೆ ಒಂದು ಬಂದು, ಹಳೆಯ ಹಿಮದ ಮೇಲೆ ಹೊಸ ಭಾರ ಹೇರುತ್ತವೆ.

ನಮ್ಮ ತುಕಡಿಯಲ್ಲಿ ಸಾತಾರಾ ಕಡೆಯ ಒಬ್ಬ ಹವಾಲ್ದಾರರಿದ್ದರು. ಗುಲ್ಮಾರ್ಗಿನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಇದೆ, 1948ರಲ್ಲಿ ಸ್ಕೀ ಶಾಲೆಯಾಗಿ ಶುರುವಾದದ್ದು. ಅಲ್ಲಿ ಕಲಿತು ಬಂದವರು ಅವರು. ನಾವೆಲ್ಲ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದೆವು. ಬುಖಾರಿಯ ಪಕ್ಕ ಕೂರಿಸಿ ಪಾಠ ಹೇಳುವ ಮನುಷ್ಯ ಅವರಾಗಿರಲಿಲ್ಲ. ಸಲಿಕೆ ಕೊಟ್ಟು ಹೊರಗೆ ಕರೆದೊಯ್ಯುತ್ತಿದ್ದರು. ಸುರಕ್ಷಿತವಾದ ಒಂದು ಸಣ್ಣ ಇಳಿಜಾರಿನಲ್ಲಿ ನೆಲ ಸಿಗುವವರೆಗೆ ಗುಂಡಿ ತೋಡಿಸುತ್ತಿದ್ದರು. ಗುಂಡಿಯ ಗೋಡೆಯನ್ನು ಸಲಿಕೆಯಿಂದ ನಯಮಾಡಿ ಅದರ ಮೇಲೆ ಕೈಯಾಡಿಸಿದರೆ ಪದರಗಳು ತಿಳಿಯುತ್ತವೆ. ಒಂದು ಪದರಕ್ಕೆ ಇಡೀ ಮುಷ್ಟಿ ಸಲೀಸಾಗಿ ಹೋಗುತ್ತದೆ. ಇನ್ನೊಂದಕ್ಕೆ ನಾಲ್ಕು ಬೆರಳು, ಮತ್ತೊಂದಕ್ಕೆ ಒಂದೇ ಬೆರಳು. ಕೆಲವಕ್ಕೆ ಪೆನ್ಸಿಲ್ ಬೇಕು, ಗಟ್ಟಿಯಾದದ್ದಕ್ಕೆ ಚಾಕುವೇ ಬೇಕು. ಮೇಲೆ ಗಟ್ಟಿ ಪದರ, ಅದರ ಕೆಳಗೆ ಮುಷ್ಟಿ ಹೋಗುವಷ್ಟು ಸಡಿಲ ಪದರ ಇದ್ದರೆ ಉಸ್ತಾದರ ಮುಖ ಬಿಗಿಯುತ್ತಿತ್ತು.

ಆ ವರ್ಷ ನಮ್ಮ ಗುಂಡಿಯಲ್ಲಿ ಕಂಡದ್ದು ಅದೇ. ಚಳಿಗಾಲದ ಶುರುವಿನಲ್ಲಿ ತೆಳುವಾಗಿ ಹಿಮ ಬಿದ್ದಿತ್ತು, ಆಮೇಲೆ ಮೋಡವಿಲ್ಲದ ರಾತ್ರಿಗಳು, ಕೊರೆಯುವ ಚಳಿ. ಹಿಮದ ತಳ ನೆಲಕ್ಕೆ ತಾಗಿರುವುದರಿಂದ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ, ಮೇಲ್ಮೈ ಅದಕ್ಕಿಂತ ಬಹಳ ತಣ್ಣಗೆ. ಕೆಳಗಿನ ಹಬೆ ಮೇಲಕ್ಕೇರುತ್ತ ತಳದ ಹಿಮದ ಕಣಗಳನ್ನು ಒರಟು ಹರಳಾಗಿ ಮಾಡಿಬಿಡುತ್ತದೆ. ಆ ಹರಳು ಒಂದಕ್ಕೊಂದು ಅಂಟುವುದಿಲ್ಲ. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಅದರ ಮೇಲೆ ಎಷ್ಟೇ ಹಿಮ ಬೀಳಲಿ, ಬುನಾದಿ ಅಷ್ಟೇ. ಗುಂಡಿಯ ತಳದಲ್ಲಿ ಅದನ್ನು ಕೈಯಲ್ಲಿ ತೆಗೆದು ಒಬ್ಬೊಬ್ಬರ ಅಂಗೈಗೂ ಹಾಕಿ ಉಸ್ತಾದರು, ಇದನ್ನ ನೆನಪಿಡಿ, ಮಾರ್ಚ್ ತನಕ ಇದು ಇಲ್ಲೇ ಇರುತ್ತೆ, ಮೇಲಿಂದ ಕಾಣೋದಿಲ್ಲ ಎಂದಿದ್ದರು.

ಇಳಿಜಾರಿನ ಕೋನ ಅಳೆಯುವುದನ್ನೂ ಅವರೇ ಕಲಿಸಿದರು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿಯೇ ಹೆಚ್ಚಿನ ಹಿಮಕುಸಿತಗಳು ಆಗುತ್ತವೆ. ಅದಕ್ಕಿಂತ ಕಡಿದಾದಲ್ಲಿ ಹಿಮ ಬಹಳ ನಿಲ್ಲದೆ ಆಗಾಗ ಉದುರುತ್ತದೆ, ಚಪ್ಪಟೆಯಾದಲ್ಲಿ ಸಾಧಾರಣವಾಗಿ ಜಾರುವುದಿಲ್ಲ. ನಡೆಯಲು ಹಿತವೆನಿಸುವ, ಸ್ಕೀ ಆಡಲು ಮನಸ್ಸಾಗುವ ಇಳಿಜಾರೇ ಕೊಲ್ಲುವ ಇಳಿಜಾರು. ಇನ್ನು ಗಾಳಿ. ಹೊಸ ಹಿಮ ಬೀಳದ ದಿನವೂ ಗಾಳಿ ಬೆಟ್ಟದ ಒಂದು ಮಗ್ಗುಲಿಂದ ಹಿಮ ಕೆತ್ತಿ ಇನ್ನೊಂದು ಮಗ್ಗುಲಿಗೆ ತುಂಬುತ್ತದೆ. ಏಣಿನ ತುದಿಯಲ್ಲಿ ಹಿಮದ ಚಾಚು ಕಂಡರೆ, ಅದು ಚಾಚಿದ ಕಡೆಯ ಇಳಿಜಾರು ತುಂಬಿಕೊಂಡಿದೆ ಎಂದು ತಿಳಿಯಬೇಕು.

ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾದೀತು. ಕೃಷ್ಣಾ ಹೊಳೆಯ ದಂಡೆಯವರು ತಲೆಯ ಮೇಲಿನ ಮೋಡ ನೋಡಿ ಗಂಟುಮೂಟೆ ಕಟ್ಟುವುದಿಲ್ಲ. ಕೊಯ್ನಾದಿಂದ ನೀರು ಬಿಟ್ಟರೇ, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಕ್ಯೂಸೆಕ್ ಹರಿಯುತ್ತಿದೆ, ಹಿಪ್ಪರಗಿಯ ಗೇಟು ಎಷ್ಟು ತೆರೆದಿವೆ, ಅತ್ತ ಆಲಮಟ್ಟಿಯಲ್ಲಿ ಎಷ್ಟು ಹಿಡಿದಿದ್ದಾರೆ ಎಂದು ಕೇಳುತ್ತಾರೆ. 2019ರ ಆಗಸ್ಟಿನ ಮಹಾಪೂರದಲ್ಲಿ ಜಮಖಂಡಿ, ಮುಧೋಳ ತಾಲ್ಲೂಕಿನ ಹಳ್ಳಿಗಳು ಮುಳುಗಿದಾಗ ದನಕರು ಸಮೇತ ಮೊದಲೇ ಎತ್ತರಕ್ಕೆ ಹೋದವರು ಈ ಲೆಕ್ಕ ಹಾಕಿದವರು. ಅಪಾಯ ಕಣ್ಣೆದುರು ಬರುವ ಮುಂಚೆ ಬೇರೆಲ್ಲೋ ತುಂಬಿಕೊಳ್ಳುತ್ತಿರುತ್ತದೆ. ಹಿಮದ್ದೂ ಅದೇ ರೀತಿ.

ಫೆಬ್ರುವರಿಯ ಮೂರನೆಯ ವಾರ ಹಿಮ ಶುರುವಾಯಿತು. ಅಂಥ ಹಿಮವನ್ನು ಅದಕ್ಕೆ ಮೊದಲೂ ನಾನು ನೋಡಿರಲಿಲ್ಲ, ನಂತರವೂ ನೋಡಲಿಲ್ಲ. ರಾತ್ರಿಯಿಡೀ ಎದ್ದೆದ್ದು ಬಂಕರಿನ ಬಾಗಿಲ ಮುಂದಿನದನ್ನು ಎತ್ತಿ ಹಾಕಬೇಕು, ಇಲ್ಲದಿದ್ದರೆ ಬೆಳಿಗ್ಗೆ ಬಾಗಿಲು ತೆಗೆಯಲಾಗದು. ಬುಖಾರಿಯ ಕೊಳವೆ ಮುಚ್ಚಿಹೋದರೆ ಹೊಗೆ ಒಳಗೇ ಉಳಿದು ಮಲಗಿದಲ್ಲೇ ಸಾಯಬಹುದು, ಅದಕ್ಕೆ ಪಾಳಿ ಹಚ್ಚಿ ಕಾವಲು ಕೂತೆವು. ದೂರದ ನಾಲೆಗಳಲ್ಲಿ ಹಿಮ ಕುಸಿಯುವ ಸದ್ದು ಫಿರಂಗಿಯಂತೆ ಬರುತ್ತಿತ್ತು. ಮನಾಲಿಯಲ್ಲಿ ಹುಟ್ಟಿದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯನ್ನು ನಾವು ಸಾಸೆ ಎನ್ನುತ್ತಿದ್ದೆವು. ಅವರ ಮುನ್ಸೂಚನೆ ವೈರ್‌ಲೆಸ್ಸಿನಲ್ಲಿ ಬರುತ್ತಿತ್ತು: ಯಾರೂ ಅಲುಗಾಡಬೇಡಿ.

ಆ ಹೊತ್ತಿಗೆ ನಮ್ಮಲ್ಲಿ ಕೊಲ್ಹಾಪುರ ಕಡೆಯ ಒಬ್ಬ ಹುಡುಗನಿಗೆ ಹೊಟ್ಟೆನೋವು ಎದ್ದಿತು. ಮೊದಲು ಹೊಕ್ಕಳ ಸುತ್ತ, ಆಮೇಲೆ ಬಲಗಡೆ ಕೆಳಗೆ. ಜ್ವರ ಬಂತು, ವಾಂತಿ ನಿಲ್ಲಲಿಲ್ಲ. ನರ್ಸಿಂಗ್ ಅಸಿಸ್ಟೆಂಟ್ ಮುಟ್ಟಿ ನೋಡಿ ವೈರ್‌ಲೆಸ್ಸಿನಲ್ಲಿ ಡಾಕ್ಟರ ಜೊತೆ ಮಾತಾಡಿದ. ಅಪೆಂಡಿಕ್ಸ್ ಇರಬೇಕು, ಒಡೆದರೆ ಉಳಿಯುವುದಿಲ್ಲ, ಕೆಳಗೆ ತರಬೇಕು ಎಂದರು. ಆ ಹವೆಯಲ್ಲಿ ಹೆಲಿಕಾಪ್ಟರ್ ಹಾರುವ ಮಾತೇ ಇರಲಿಲ್ಲ. ಹುಡುಗ ರಾತ್ರಿಯೆಲ್ಲ ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ಮಲಗಿರುತ್ತಿದ್ದ. ತನ್ನ ಅವ್ವನನ್ನು ಒಮ್ಮೆಯೂ ಕರೆಯಲಿಲ್ಲ, ನಮಗೆ ಕೇಳಿಸಬಾರದೆಂದು ಕಂಬಳಿ ಕಚ್ಚಿಕೊಂಡಿದ್ದ.

ಹಿಮ ನಿಂತ ದಿನ ಬೆಳಿಗ್ಗೆ ಆಕಾಶ ನೀಲಿಯಾಗಿ ತೆರೆದುಕೊಂಡಿತು. ಹೊಸಬರೆಲ್ಲ ಆಗಲೇ ಹೊರಡೋಣವೆಂದರು. ಸುಬೇದಾರ್ ಸಾಹೇಬರು ಒಪ್ಪಲಿಲ್ಲ. ದೊಡ್ಡ ಹಿಮ ಬಿದ್ದು ನಿಂತ ಮೊದಲ ಒಂದೆರಡು ದಿನಗಳಲ್ಲಿಯೇ ಇಳಿಜಾರು ಹೆಚ್ಚಾಗಿ ಜಾರುತ್ತದೆ, ಅದರಲ್ಲೂ ಮೊದಲ ಬಿಸಿಲು ಬಿದ್ದಾಗ. ಒಂದು ದಿನ ಕಾಯುವುದು, ಅಷ್ಟರಲ್ಲಿ ಹೆಲಿಕಾಪ್ಟರ್ ಬಂದರೆ ಬಂತು, ಇಲ್ಲದಿದ್ದರೆ ಮರುದಿನ ಬೆಳಗಿನ ಜಾವ ಹೊರಡುವುದು ಎಂದು ತೀರ್ಮಾನವಾಯಿತು. ಆ ಒಂದು ದಿನ ಕಾಯುವುದು ಎಷ್ಟು ಕಷ್ಟ ಎಂಬುದನ್ನು ಹೇಳಲಾರೆ. ಒಳಗೆ ಹುಡುಗ ನರಳುತ್ತಾನೆ, ಹೊರಗೆ ಬಿಸಿಲು ಕರೆಯುತ್ತದೆ. ಸಾಹೇಬರ ಮೇಲೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಎದುರಿನ ನಾಲೆಯಲ್ಲಿ, ನಾವು ಬೇಸಿಗೆಯಲ್ಲಿ ಓಡಾಡುವ ನೇರ ದಾರಿಯ ಮೇಲೆ, ಇಡೀ ಇಳಿಜಾರು ಕುಸಿದು ಕಣಿವೆ ತುಂಬಿತು. ಆಮೇಲೆ ಯಾರೂ ಮಾತಾಡಲಿಲ್ಲ.

ಸಂಜೆ ಉಸ್ತಾದರು, ಸಾಹೇಬರು, ಜೊತೆಗೆ ನಮ್ಮ ಪೋರ್ಟರುಗಳಲ್ಲಿ ಹಿರಿಯನಾದ ಗುಜ್ಜರ್ ಮುದುಕ, ಮೂವರೂ ಕೂತು ದಾರಿ ಆರಿಸಿದರು. ಆ ಮುದುಕನನ್ನು ನಾವು ಚಾಚಾ ಎನ್ನುತ್ತಿದ್ದೆವು. ಯಾವ ನಾಲೆ ಯಾವ ವರ್ಷ ಎಲ್ಲಿಯವರೆಗೆ ಕುಸಿದಿತ್ತು ಎಂಬುದು ಅವರಿಗೆ ಬಾಯಿಪಾಠ. ಮರಗಳನ್ನು ನೋಡಿ ಹೇಳುತ್ತಿದ್ದರು: ಒಂದೇ ಕಡೆಯ ಕೊಂಬೆ ಮುರಿದ ಮರಗಳಿದ್ದರೆ, ಇಲ್ಲವೇ ದಟ್ಟ ಕಾಡಿನ ನಡುವೆ ಎಳೆಯ ಮರಗಳ ಪಟ್ಟಿ ಇದ್ದರೆ, ಅದು ಹಿಮ ಇಳಿಯುವ ದಾರಿ. ನೇರ ದಾರಿ ಬಿಟ್ಟು ಏಣಿನ ಮೇಲೆ ಸುತ್ತಿ ಹೋಗುವುದೆಂದಾಯಿತು. ದೂರ ಹೆಚ್ಚು, ಗಾಳಿ ಹೆಚ್ಚು, ಆದರೆ ತಲೆಯ ಮೇಲೆ ತೂಗುವ ಇಳಿಜಾರು ಇಲ್ಲ. ಒಂದೇ ಒಂದು ಕಡೆ, ಕಾಡು ಸೇರುವ ಮುಂಚೆ, ಒಂದು ಸಣ್ಣ ಕೊರಕಲನ್ನು ಅಡ್ಡ ದಾಟಲೇಬೇಕಿತ್ತು. ಅಲ್ಲಿ ಅಪಾಯ ಇದೆ ಎಂದು ಮೂವರಿಗೂ ಗೊತ್ತಿತ್ತು. ಅದನ್ನು ತಪ್ಪಿಸಲು ಬೇರೆ ದಾರಿ ಇರಲಿಲ್ಲ.

ಹೊರಟದ್ದು ಬೆಳಗಿನ ಮೂರಕ್ಕೆ, ಹಿಮ ಗಟ್ಟಿಯಾಗಿರುವ ಹೊತ್ತು. ಹುಡುಗನನ್ನು ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿ ಸ್ಟ್ರೆಚರಿಗೆ ಕಟ್ಟಿ ಎಳೆದೆವು. ಪ್ರತಿಯೊಬ್ಬರ ಎದೆಗೂ ಅವಲಾಂಚ್ ವಿಕ್ಟಿಮ್ ಡಿಟೆಕ್ಟರ್. ನಾವು ಎವಿಡಿ ಎನ್ನುತ್ತಿದ್ದ ಆ ಸಣ್ಣ ಪೆಟ್ಟಿಗೆ ಸದಾ ಸಂಕೇತ ಕಳಿಸುತ್ತಿರುತ್ತದೆ, ಒಬ್ಬ ಹೂತುಹೋದರೆ ಉಳಿದವರು ತಮ್ಮ ಪೆಟ್ಟಿಗೆಯನ್ನು ಹುಡುಕುವ ಕಡೆಗೆ ತಿರುಗಿಸಿ ಅವನನ್ನು ಪತ್ತೆ ಹಚ್ಚಬೇಕು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಉಸ್ತಾದರು ಒಬ್ಬೊಬ್ಬರ ಪೆಟ್ಟಿಗೆಯನ್ನೂ ತಾವೇ ಪರೀಕ್ಷಿಸಿದರು. ಸೊಂಟಕ್ಕೆ ಕೆಂಪು ಅವಲಾಂಚ್ ಕಾರ್ಡ್, ಹಿಂದೆ ಹಾವಿನಂತೆ ಎಳೆದುಕೊಂಡು ಬರುವ ಹಗುರ ದಾರ. ತಂಡದ ಮುಂದೆಯೂ ಹಿಂದೆಯೂ ಸಲಿಕೆ, ಜೋಡಿಸುವ ಉದ್ದ ಸರಳು.

ಕೊರಕಲಿನ ಅಂಚಿಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸುಮಾರು ಅರವತ್ತು ಹೆಜ್ಜೆ ಅಗಲ. ಸಾಹೇಬರು ಎಲ್ಲರನ್ನೂ ಒಂದು ಬಂಡೆಯ ಮರೆಗೆ ನಿಲ್ಲಿಸಿದರು. ಬೆನ್ನಿನ ಚೀಲದ ಪಟ್ಟಿ ಸಡಿಲಿಸಿ, ಕೋಲಿನ ಕುಣಿಕೆಯಿಂದ ಕೈ ಬಿಡಿಸಿಕೊಳ್ಳಿ, ಮೂಗು ಬಾಯಿ ಮುಚ್ಚಿ. ಒಬ್ಬ ಪೂರ್ತಿ ದಾಟಿ ಕೈಯೆತ್ತಿದ ಮೇಲೆ ಇನ್ನೊಬ್ಬ. ಇಬ್ಬರು ಸ್ಟ್ರೆಚರಿನ ಭಾರವಿಲ್ಲದೆ ಮೊದಲು ದಾಟಿ ದಾರಿ ಮಾಡುವುದು, ಸ್ಟ್ರೆಚರ್ ಆಮೇಲೆ. ಉಳಿದವರೆಲ್ಲ ದಾಟುವವನ ಮೇಲೆ ಕಣ್ಣಿಟ್ಟಿರಬೇಕು, ಬೇರೆಲ್ಲೂ ನೋಡಬಾರದು. ಉಸ್ತಾದರೇ ಮೊದಲು ಹೋದರು. ಆಚೆ ಮುಟ್ಟಿ ಟಾರ್ಚ್ ಆಡಿಸಿದರು. ಎರಡನೆಯವನು ನಾನು.

ಅವರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ನಡೆದೆ. ಅರ್ಧಕ್ಕಿಂತ ಹೆಚ್ಚು ದಾಟಿದ್ದೆ. ಕಾಲ ಕೆಳಗೆ ಧುಮ್ ಎಂದಿತು. ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯುವಂಥ ಸದ್ದು ಅದು, ಇಡೀ ಹಿಮ ಒಮ್ಮೆ ಕೂತಂತೆ. ತಲೆಯೆತ್ತಿದರೆ ಮೇಲೆ ಒಂದು ಕಪ್ಪು ಗೆರೆ ಇಳಿಜಾರಿನ ಅಡ್ಡಕ್ಕೆ ಸರ್ರನೆ ಓಡಿತು. ನಾನು ನಿಂತ ಹಿಮದ ಹಾಸೇ ಹೊರಟಿತು. ಕೂಗಿದೆನೋ ಇಲ್ಲವೋ ತಿಳಿಯದು. ಕಲಿಸಿದ್ದಂತೆ ಚೀಲ ಕಳಚಿ ಕೈಕಾಲು ಬಡಿದು ಮೇಲೆ ಉಳಿಯಲು ನೋಡಿದೆ. ಒಮ್ಮೆ ನಕ್ಷತ್ರ ಕಂಡಿತು, ಒಮ್ಮೆ ಏನೂ ಇಲ್ಲ. ಬಲ ಭುಜಕ್ಕೆ ಯಾವುದೋ ಬಂಡೆ ಬಡಿಯಿತು. ವೇಗ ಕಡಿಮೆಯಾಗುತ್ತಿದೆ ಎನ್ನಿಸಿದ ಕೂಡಲೆ ಎಡಗೈಯನ್ನು ಮುಖದ ಮುಂದೆ ತಂದೆ. ಮರುಕ್ಷಣ ಎಲ್ಲ ನಿಂತುಹೋಯಿತು.

ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗುತ್ತದೆ ಎಂದು ಹೇಳಿಕೊಟ್ಟಿದ್ದರು. ಹೇಳಿದ್ದಕ್ಕೂ ಅನುಭವಿಸುವುದಕ್ಕೂ ಇರುವ ಅಂತರ ದೊಡ್ಡದು. ಬೆರಳ ತುದಿ ಅಲುಗಿಸಲಾಗಲಿಲ್ಲ. ಎದೆ ಉಬ್ಬಿಸಿದಷ್ಟೇ ಜಾಗ. ಬಾಯೊಳಗಿನ ಹಿಮವನ್ನು ನಾಲಗೆಯಿಂದ ತಳ್ಳಿದೆ. ಜೊಲ್ಲು ಕೆನ್ನೆಯ ಕಡೆ ಹರಿಯಿತು, ಅದರಿಂದ ನಾನು ಮಗ್ಗುಲಾಗಿ ಬಿದ್ದಿದ್ದೇನೆ ಎಂದು ತಿಳಿಯಿತು. ಮುಖದ ಮುಂದೆ ಅಂಗೈಯಷ್ಟು ಪೊಳ್ಳು ಇತ್ತು, ಅಷ್ಟೇ ನನ್ನ ಗಾಳಿ. ಮೇಲೆ ಅವರು ಕೂಗುವುದು ಕೇಳುತ್ತಿತ್ತು. ಸಾಹೇಬರ ದನಿ, ಚಾಚಾನ ದನಿ, ಸ್ಪಷ್ಟವಾಗಿ. ನಾನು ಕೂಗಿದೆ, ಯಾರಿಗೂ ಕೇಳಲಿಲ್ಲ. ಹೊರಗಿನ ಸದ್ದು ಹಿಮದೊಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುವುದಿಲ್ಲ. ಕೂಗಿದರೆ ಇರುವ ಗಾಳಿ ಖರ್ಚಾಗುತ್ತದೆ ಎಂದು ನೆನಪಾಗಿ ಸುಮ್ಮನಾದೆ. ಆ ಸುಮ್ಮನಾಗುವ ಕೆಲಸದಷ್ಟು ಕಷ್ಟದ ಕೆಲಸವನ್ನು ನಾನು ಬದುಕಿನಲ್ಲಿ ಇನ್ನೊಂದು ಮಾಡಿಲ್ಲ.

ಎದೆ ನಾಯಿಯಂತೆ ಏದುಸಿರು ಬಿಡುತ್ತಿತ್ತು. ಅದನ್ನು ನಿಧಾನ ಮಾಡಬೇಕಿತ್ತು. ಆಗ ನೆನಪಿಗೆ ಬಂದದ್ದು ಅಪ್ಪನ ಕೈಮಗ್ಗ. ಲಾಳಿ ಈ ಕಡೆಯಿಂದ ಆ ಕಡೆ, ಹಲಗೆಯ ಬಡಿತ, ಮತ್ತೆ ಲಾಳಿ ಆ ಕಡೆಯಿಂದ ಈ ಕಡೆ, ಮತ್ತೆ ಬಡಿತ. ಲಾಳಿ ಹೋಗುವಾಗ ಉಸಿರು ಒಳಗೆ, ಬರುವಾಗ ಹೊರಗೆ. ಅಪ್ಪ ಎಂದೂ ಅವಸರದಿಂದ ನೇಯ್ದವನಲ್ಲ. ಅವನ ವೇಗಕ್ಕೆ ನನ್ನ ಉಸಿರನ್ನು ಇಳಿಸಿದೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಚಳಿ ತಿಳಿಯುತ್ತಿರಲಿಲ್ಲ. ನಿದ್ದೆ ಬರುವಂತಾಗಿತ್ತು, ಹಿತವಾದ ನಿದ್ದೆ. ತೊಡೆಗೆ ಏನೋ ಚುಚ್ಚಿದ್ದು ಗೊತ್ತಾಯಿತು. ಅದು ಸರಳಿನ ತುದಿ. ಅಲ್ಲಿಂದ ಮುಂದೆ ನೆನಪಿಲ್ಲ.

ಮೇಲೆ ನಡೆದದ್ದನ್ನು ಅವರು ಆಮೇಲೆ ಹೇಳಿದರು. ನಾನು ಕಡೆಯ ಬಾರಿ ಕಂಡ ಜಾಗವನ್ನು ಇಬ್ಬರು ಗುರುತು ಹಿಡಿದಿದ್ದರು, ಕಣ್ಣು ಕೀಳದೆ ನೋಡಿದ್ದಕ್ಕೆ. ಮತ್ತೆ ಕುಸಿಯುತ್ತದೋ ಎಂದು ಮೇಲೆ ನೋಡಲು ಚಾಚಾನನ್ನು ನಿಲ್ಲಿಸಿ, ಉಳಿದವರು ಆ ಗುರುತಿನಿಂದ ಕೆಳಗೆ ಹುಡುಕಿದರು. ಕೆಂಪು ದಾರದ ಒಂದು ಮೊಳ ಮೇಲೆ ಕಂಡಿತು, ಎವಿಡಿ ಸದ್ದು ಅದರ ಹತ್ತಿರವೇ ಜೋರಾಯಿತು. ಸರಳು ಇಳಿಸಿ ನನ್ನನ್ನು ಮುಟ್ಟಿದರು. ಹುಡುಕಲು ಹಿಡಿದ ಹೊತ್ತಿಗಿಂತ ಅಗೆಯಲು ಹಿಡಿದ ಹೊತ್ತು ಹೆಚ್ಚು. ನೇರ ಮೇಲಿಂದ ಅಗೆದರೆ ಒಳಗಿನವನ ಮೇಲೆಯೇ ತುಳಿದಂತಾಗುತ್ತದೆ, ಅದಕ್ಕೆ ಇಳಿಜಾರಿನ ಕೆಳಗಿನಿಂದ ಅಡ್ಡಕ್ಕೆ ಅಗೆದು ಬಂದರು, ಮುಂದಿನವನು ಕಡಿದದ್ದನ್ನು ಹಿಂದಿನವರು ಎಳೆದು ಹಾಕುತ್ತ. ಮೊದಲು ಮುಖ ಬಿಡಿಸಿ ಬಾಯಿ ಸ್ವಚ್ಛ ಮಾಡಿದರು. ಹದಿನೈದು ನಿಮಿಷದೊಳಗೆ ಎಂದು ಸಾಹೇಬರು ಹೇಳುತ್ತಿದ್ದರು. ಆ ಲೆಕ್ಕಕ್ಕೆ ಮಹತ್ವವಿದೆ. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಹೊರಗಿನಿಂದ ಯಾವ ರಕ್ಷಣಾ ತಂಡವೂ ಅಷ್ಟರಲ್ಲಿ ಬಂದು ಮುಟ್ಟಲಾರದು. ಪಕ್ಕದಲ್ಲಿರುವ ಜೊತೆಗಾರರೇ ತೆಗೆಯಬೇಕು.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ನಮ್ಮವರು ಗುಂಡಿ ತೋಡಿ ನೋಡಿದ್ದರು, ಒಂದು ದಿನ ಕಾದಿದ್ದರು, ದಾರಿ ಬದಲಿಸಿದ್ದರು, ಹೊತ್ತು ಆರಿಸಿದ್ದರು. ಆದರೂ ಕೊರಕಲು ಕುಸಿಯಿತು. ಹಾಗೆಂದು ಆ ಲೆಕ್ಕಾಚಾರ ವ್ಯರ್ಥವಾಯಿತೇ? ನೇರ ದಾರಿಯಲ್ಲಿ ಹೋಗಿದ್ದರೆ ಸ್ಟ್ರೆಚರ್ ಸಮೇತ ಎಲ್ಲರೂ ಹೂತುಹೋಗುತ್ತಿದ್ದೆವು. ಕೊರಕಲನ್ನು ಸಾಲುಗಟ್ಟಿ ದಾಟಿದ್ದರೆ ನಾಲ್ಕೈದು ಜನ ಒಳಗೆ, ಅಗೆಯುವವರು ಒಬ್ಬಿಬ್ಬರು. ಹಿಮದ ಅಂದಾಜು ಪೂರ್ತಿ ನಿಖರವಾಗಿರಲು ಸಾಧ್ಯವಿಲ್ಲ. ಕೆಟ್ಟದ್ದು ಆದೇ ಆದರೆ ಎಷ್ಟು ಜನ ಒಳಗೆ ಹೋಗಬೇಕು, ಎಷ್ಟು ಜನ ಸಲಿಕೆ ಹಿಡಿದು ಹೊರಗೆ ಉಳಿಯಬೇಕು ಎಂಬುದನ್ನು ಮಾತ್ರ ಮನುಷ್ಯ ಹೊರಡುವ ಮುಂಚೆಯೇ ತೀರ್ಮಾನಿಸಬಹುದು. ನಮ್ಮ ಸಾಹೇಬರು ಅದನ್ನು ತೀರ್ಮಾನಿಸಿದ್ದರು. ಅದರಿಂದ ನಾನಿದ್ದೇನೆ.

ಕುಸಿದು ಖಾಲಿಯಾದ ಕೊರಕಲನ್ನು ಚಾಚಾ ಮೇಲಿಂದ ಕೆಳಗೆ ನೋಡಿ, ಉಳಿದ ಹಿಮ ತೂಗುತ್ತಿಲ್ಲವೆಂದ ಮೇಲೆ, ಮತ್ತೆ ಒಬ್ಬೊಬ್ಬರಾಗಿಯೇ ದಾಟಿದರು. ಸ್ಟ್ರೆಚರಿನ ಹುಡುಗ ದಾಟಿದ, ಕೈ ಎದೆಗೆ ಕಟ್ಟಿಕೊಂಡು ನಾನೂ ದಾಟಿದೆ. ಕೆಳಗಿನ ಕ್ಯಾಂಪಿನಿಂದ ಮರುದಿನ ಹೆಲಿಕಾಪ್ಟರ್ ಇಬ್ಬರನ್ನೂ ಶ್ರೀನಗರದ ಸೇನಾ ಆಸ್ಪತ್ರೆಗೆ ಒಯ್ದಿತು. ಅವನ ಆಪರೇಷನ್ ಆಗಿ ಬದುಕಿದ. ನನ್ನ ಭುಜದ ಮೂಳೆ ಮುರಿದಿತ್ತು, ಬಲಗಾಲಿನ ಕಿರುಬೆರಳು ಹಿಮಗಚ್ಚಿಗೆ ಹೋಯಿತು. ವಾರ್ಡಿನಲ್ಲಿ ರೇಡಿಯೋ ಹಾಕಿದ್ದರು. ಆ ದಿನಗಳಲ್ಲೇ ದಕ್ಷಿಣ ಕಾಶ್ಮೀರದ ವಾಲ್ಟೆಂಗೂ ನಾರ್ ಎಂಬ ಹಳ್ಳಿಯ ಮೇಲೆ ಹಿಮ ಕುಸಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಹೆಂಗಸರು, ಮಕ್ಕಳು, ಮನೆಯೊಳಗೆ ಬೆಚ್ಚಗೆ ಕೂತಿದ್ದವರು. ಚಾರಣಕ್ಕೆ ಹೋಗುವ ನಾವು ಬೆಟ್ಟವನ್ನು ಆರಿಸಿಕೊಂಡು ಹೋಗುತ್ತೇವೆ, ಅವರಿಗೆ ಆರಿಸುವ ಅವಕಾಶವಿರಲಿಲ್ಲ. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬನಹಟ್ಟಿಗೆ ಬಂದ ಮೇಲೆ ಎಷ್ಟೋ ದಿನ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳಲಾಗುತ್ತಿರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಅವ್ವ ಏನೂ ಕೇಳದೆ ಜೂನ್ ತನಕ ಹಾಸಿಗೆಯನ್ನು ಅಂಗಳದಲ್ಲೇ ಹಾಸಿದಳು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟಿನ ಮೇಲೆ ಹಿಮಗೋಡೆ ಬಿದ್ದಾಗ ನಮ್ಮ ಭಾಗದವರೆಲ್ಲ ಉಸಿರು ಬಿಗಿಹಿಡಿದಿದ್ದರು. ಸುಮಾರು 19,600 ಅಡಿ ಎತ್ತರ, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಅದೇ ಪೋಸ್ಟಿನಲ್ಲಿ ಪ್ರಾಣ ಬಿಟ್ಟರು. ಹೂತವರನ್ನು ಹುಡುಕುವಲ್ಲಿ ಡಾಟ್, ಮಿಶಾ ಎಂಬ ಎರಡು ಸೇನಾ ನಾಯಿಗಳ ಪಾಲು ದೊಡ್ಡದಿತ್ತು. ಅದೇ ವರ್ಷ ನಮ್ಮ ಮುಧೋಳದ ನಾಯಿಗಳನ್ನು ತರಬೇತಿಗೆಂದು ಮೀರಠ್‌ನ ಸೇನಾ ಕೇಂದ್ರಕ್ಕೆ ಒಯ್ದರು. ನಾನು ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ ನೋಡಿ ಬಂದಿದ್ದೇನೆ. ಗಾಳಿಯಂತೆ ಓಡುವ, ದೂರದ್ದನ್ನು ಕಣ್ಣಿನಿಂದ ಹಿಡಿಯುವ ಬೇಟೆನಾಯಿ ಅದು. ಮೈಮೇಲೆ ತೆಳು ಕೂದಲು, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಮೈ. ಹಿಮದಡಿಯ ವಾಸನೆ ಹಿಡಿಯಲು ದಟ್ಟ ತುಪ್ಪಳದ ಬೇರೆ ತಳಿ ಬೇಕು. ಪ್ರತಿ ಜೀವಕ್ಕೂ ತನ್ನ ನೆಲವೊಂದಿರುತ್ತದೆ, ಬೇರೆ ನೆಲಕ್ಕೆ ಹೋಗುವಾಗ ಸಿದ್ಧತೆ ಬೇಕು.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಗೆ ಹೋದವರ ಮೇಲೆ ಹಿಮ ಕುಸಿದು 25ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬೆಂಗಳೂರಿನ ಇಬ್ಬರು ಯುವಕರಿದ್ದರು. 2024ರ ಜೂನ್ ಮೊದಲ ವಾರ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕದಿಂದ ಹೋದ ಒಂಬತ್ತು ಜನ ಚಳಿಗೆ ಪ್ರಾಣ ಕಳೆದುಕೊಂಡರು. ಅದು ಜೂನ್ ತಿಂಗಳು, ನಮ್ಮಲ್ಲಿ ಮುಂಗಾರಿಗೆ ಕಾಯುವ ಹೊತ್ತು. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಒದ್ದೆ ಬಟ್ಟೆ, ಬಿರುಗಾಳಿ ಸೇರಿದರೆ ಮೈ ತಣ್ಣಗಾಗಲು ಕೆಲವು ಗಂಟೆ ಸಾಕು. ಅಲ್ಲಿ ಹಿಮ ಕುಸಿಯಲೇಬೇಕೆಂದಿಲ್ಲ.

ಕಳೆದ ಡಿಸೆಂಬರಿನಲ್ಲಿ ಜಮಖಂಡಿಯಿಂದ ನೆಂಟರ ಹುಡುಗನೊಬ್ಬ ಬಂದ. "ಕಾಕಾ, ಗೆಳ್ಯಾರೆಲ್ಲಾ ಸೇರಿ ಕೇದಾರಕಂಠಕ್ಕ ಹೊಂಟೀವ್ರಿ" ಎಂದ. ಹನ್ನೆರಡೂವರೆ ಸಾವಿರ ಅಡಿ. ನಾನು ಬೇಡ ಎನ್ನಲಿಲ್ಲ. "ಹೋಗ್ರಿ ತಮ್ಮಾ. ಆದ್ರ ಕರಕೊಂಡು ಹೋಗಾವರಿಗೆ ಇಷ್ಟು ಕೇಳು" ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವನು ಕೇಳಿದ. ಎರಡು ಕಡೆಯವರಿಂದ ಉತ್ತರ ಬರಲಿಲ್ಲ, ಮೂರನೆಯವರು ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಅವರ ಜೊತೆ ಹೋದ. ಮೇಲೆ ಹವೆ ಕೆಟ್ಟಾಗ ಅವರು ಶಿಖರಕ್ಕೆ ಹೋಗದೆ ತಂಡವನ್ನು ಕೆಳಗಿಳಿಸಿದರಂತೆ. ಶಿಖರ ಮುಟ್ಟಲಿಲ್ಲವೆಂದು ಹುಡುಗನಿಗೆ ಬೇಸರ. ನನಗೆ ಅದರಷ್ಟು ಸಮಾಧಾನ ತಂದ ಸುದ್ದಿ ಇನ್ನೊಂದಿಲ್ಲ.

ಆ ಹಾಳೆಯಲ್ಲಿದ್ದುದನ್ನೇ ಇಲ್ಲಿ ಹೇಳುತ್ತೇನೆ. ಸಾಸೆ ಈಗ ಬೇರೆ ಸಂಸ್ಥೆಯ ಜೊತೆ ಸೇರಿ, 2020ರಿಂದ ಚಂಡೀಗಡದ ಡಿಜಿಆರ್‌ಇ ಆಗಿದೆ. ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತಾರೆ. ಹವಾಮಾನ ಇಲಾಖೆಯೂ ಗುಡ್ಡಗಾಡಿನ ಮುನ್ಸೂಚನೆ ಕೊಡುತ್ತದೆ. ಹೊರಡುವ ವಾರದಿಂದಲೇ ಎರಡನ್ನೂ ನೋಡಿ, ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಹಿಂದಿನ ಎರಡು ಮೂರು ದಿನ ದೊಡ್ಡ ಹಿಮ ಬಿದ್ದಿದ್ದರೆ, ಜೋರು ಗಾಳಿ ಬೀಸಿದ್ದರೆ, ಒಮ್ಮೆಲೆ ಹವೆ ಬಿಸಿಯಾಗಿದ್ದರೆ, ಹಿಮದ ಮೇಲೆ ಮಳೆ ಬಿದ್ದಿದ್ದರೆ ಹೊರಡಬೇಡಿ. ನಡೆಯುವಾಗ ಸುತ್ತ ಹೊಸದಾಗಿ ಕುಸಿದ ಗುರುತು ಕಂಡರೆ, ಕಾಲ ಕೆಳಗೆ ಧುಮ್ ಎಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ ಬಂದ ದಾರಿಯಲ್ಲೇ ತಿರುಗಿ.

ತಂಡದವರನ್ನು ಕೇಳಿ: ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಇಳಿಜಾರು ಎಲ್ಲೆಲ್ಲಿದೆ? ಅದರ ಕೆಳಗೆ ಟೆಂಟು ಹಾಕುತ್ತೀರಾ? ಪ್ರತಿಯೊಬ್ಬರಿಗೂ ಸಂಕೇತದ ಪೆಟ್ಟಿಗೆ, ಸಲಿಕೆ, ಸರಳು ಇವೆಯೇ, ಅವುಗಳ ಅಭ್ಯಾಸ ಮಾಡಿಸುತ್ತೀರಾ? ಹವೆ ಕೆಟ್ಟರೆ ತಿರುಗಿ ಬರುವ ತೀರ್ಮಾನ ಯಾರದ್ದು, ಹಾಗೆ ಬಂದರೆ ಹಣದ ಗತಿ ಏನು? ನಮ್ಮ ಊರಿನ ಅಪ್ಪ ಅವ್ವಂದಿರಲ್ಲಿ ನನ್ನ ಬೇಡಿಕೆ ಇಷ್ಟೇ: ಮಗ, ಮಗಳು ಹೊರಟು ನಿಂತಾಗ ತಡೆಯಬೇಡಿ, ಈ ಪ್ರಶ್ನೆಗಳಿಗೆ ಉತ್ತರ ಬಂತೇ ಎಂದು ಕೇಳಿ. ಬಾರದಿದ್ದರೆ ಹಣ ಕಟ್ಟಲು ಬಿಡಬೇಡಿ.